ಅಪ್ಪನ ಟ್ರೇಲರಿಗೆ ಗಾಳಿ

ಗಾಳಿ ಪುಕ್ಕಟೆ ಎನ್ನುವುದು ಪೆಟ್ರೋಲ್ ಬಂಕ್ ಪಕ್ಕದಲ್ಲಿರುವವರ ಮಾತು. ಮಂಡ್ಯ ಸೀಮೆಯ ನಮ್ಮ ಹೊಲದಿಂದ ಪಂಕ್ಚರ್ ಅಂಗಡಿಗೆ ಆರು ಕಿಲೋಮೀಟರ್. ಕಬ್ಬು ಹೇರಿದ ಟ್ರೇಲರಿನ ಒಂದು ಚಕ್ರ ರಾತ್ರಿ ಇಳಿದುಬಿಟ್ಟರೆ ಅಲ್ಲಿಯವರೆಗೆ ಎಳೆಯುವಂತಿಲ್ಲ. ಎಳೆದರೆ ಟೈರು, ಟ್ಯೂಬು ಎರಡೂ ಹೋದವು. ಕಡಿದ ಕಬ್ಬು ಬೇರೆ ಒಣಗುತ್ತಾ ತೂಕ ಕಳೆದುಕೊಳ್ಳುತ್ತದೆ. ಫ್ಯಾಕ್ಟರಿಯವರು ದುಡ್ಡು ಕೊಡುವುದು ತೂಕಕ್ಕೆ.

ಹೊಸ ಮೆಷೀನಿನ ಮಾತು ತೆಗೆದಾಗ ಅಪ್ಪ, "ನಿನ್ ಕಾರಲ್ಲಿ ಒಂದು ಇಟ್ಕೊಂಡಿದ್ದೀಯಲ್ಲ, ಅದ್ರಲ್ಲೇ ಹೊಡಿಬಾರ್ದಾ?" ಅಂದ. ನ್ಯಾಯವಾದ ಪ್ರಶ್ನೆಯೇ. ಅದರ ಡಬ್ಬಿಯ ಮೇಲೆ 150 ಪಿಎಸ್‌ಐ ಎಂದು ದಪ್ಪಕ್ಷರದಲ್ಲಿದೆ, ನಮ್ಮ ಟ್ರೇಲರಿಗೆ ಬೇಕಾದದ್ದು 60. ಆದರೆ ಆ 150 ಹೇಳುವುದು ಎಷ್ಟು ಒತ್ತಡದ ಎದುರಿಗೆ ಗಾಳಿ ತಳ್ಳಬಲ್ಲದು ಎಂದಷ್ಟೇ. ಎಷ್ಟು ಗಾಳಿ ತಳ್ಳುತ್ತದೆ ಎಂಬುದು ಬೇರೆ ಲೆಕ್ಕ, ನಿಮಿಷಕ್ಕೆ ಇಷ್ಟು ಲೀಟರ್ ಎಂದು. ಅದು ಸಣ್ಣಕ್ಷರದಲ್ಲಿರುತ್ತದೆ, ಕೆಲವು ಡಬ್ಬಿಗಳಲ್ಲಿ ಇರುವುದೇ ಇಲ್ಲ. ಸೈಕಲ್ ಪಂಪಿನಲ್ಲಿ ಕಾರಿನ ಟೈರು ತುಂಬಿಸಹೊರಟವರಿಗೆ ಈ ವ್ಯತ್ಯಾಸ ರಟ್ಟೆಯಲ್ಲೇ ಗೊತ್ತಾಗಿರುತ್ತದೆ.

ಟ್ರೇಲರಿನ 9.00-16 ಟೈರಿನ ಒಡಲು ನನ್ನ ಸಣ್ಣ ಕಾರಿನ ಟೈರಿನ ಸುಮಾರು ಮೂರು ಪಟ್ಟು, ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟು. ಅಂದರೆ ಆರು ಪಟ್ಟು ಗಾಳಿ. ಅಷ್ಟು ತುಂಬುವುದರೊಳಗೆ ಚಿಕ್ಕ ಮೆಷೀನು ಕಾದು ಕೆಂಡವಾಗಿ ಎರಡು ಮೂರು ಸಲ ವಿಶ್ರಾಂತಿ ಕೇಳುತ್ತದೆ. ಚಾರ್ಜ್ ಮಾಡುವ ಪುಟಾಣಿ ಮೆಷೀನುಗಳದ್ದಂತೂ ಬ್ಯಾಟರಿಯೇ ಮುಗಿಯುತ್ತದೆ. ಸ್ಕೂಟರಿಗೆ, ತುಸು ಇಳಿದ ಕಾರಿಗೆ ಅವು ಚೆನ್ನ.

ದೊಡ್ಡ ಮೋಟಾರಿನವು ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿನಲ್ಲಿ ಓಡುವುದಿಲ್ಲ; ಅಲ್ಲಿನ ಫ್ಯೂಸು ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು. ಬ್ಯಾಟರಿಗೇ ಕ್ಲಿಪ್ಪು ಕಚ್ಚಿಸಬೇಕು. ಟ್ರ್ಯಾಕ್ಟರಿನದೂ 12 ವೋಲ್ಟೇ, ಸರಿ. ಆದರೆ ಬ್ಯಾಟರಿ ಮುಂದೆ, ಟ್ರೇಲರಿನ ಚಕ್ರ ಎಲ್ಲೋ ಹಿಂದೆ! ಅಂಗಡಿಯಲ್ಲಿ ಯಾರೂ ಹೇಳದ ಈ ಪೈಪಿನ ಉದ್ದವೇ ನನ್ನ ಆಯ್ಕೆಯನ್ನು ತೀರ್ಮಾನಿಸಿತು. ಎರಡು ಸಿಲಿಂಡರಿನ, ಎಂಟು ಮೀಟರ್ ಪೈಪಿನ ಒಂದನ್ನು ತಂದೆ. ಬೆಲೆಯನ್ನು ಅಪ್ಪನಿಗೆ ಅರ್ಧ ಹೇಳಿದೆ.

ಮೊದಲ ಸಲ ಹೊಡೆದಾಗ ಗೇಜು 58 ತೋರಿಸುತ್ತಿತ್ತು. ಅಪ್ಪ ಅದರ ಕಡೆ ನೋಡಲಿಲ್ಲ. ಸ್ಪ್ಯಾನರಿನಿಂದ ಟೈರಿಗೊಂದು ಬಡಿದು, ಸದ್ದು ಕೇಳಿ, "ಇನ್ನೊಂಚೂರು ಹೊಡಿ" ಅಂದ.