ನಡುರಾತ್ರಿಯ ಬಾನುಲಿ

ಊರೆಲ್ಲ ಮಲಗಿದ ಮೇಲೂ ಎಚ್ಚರವಾಗಿರುವ ಕೆಲವರು ಪ್ರತಿಯೊಂದು ನಗರದಲ್ಲಿಯೂ ಇರುತ್ತಾರೆ. ಕಾವಲುಗಾರ, ರಾತ್ರಿಪಾಳಿಯ ಕಾರ್ಮಿಕ, ರೊಟ್ಟಿ ಸುಡುವ ಒಲೆಯ ಮುಂದೆ ನಿಂತವನು, ರೋಗಿಯ ಪಕ್ಕದಲ್ಲಿ ಕುಳಿತ ತಾಯಿ - ಇಂಥವರಿಗೆ ಆ ಹೊತ್ತಿನಲ್ಲಿ ಜೊತೆಯಾಗಬಲ್ಲುದು ರೇಡಿಯೋ ಒಂದೇ. ಆದರೆ ಗಣ್ಯರೆಲ್ಲ ನಿದ್ರಿಸುವ ಆ ವೇಳೆ ಪ್ರಸಾರ ಸಂಸ್ಥೆಗಳ ಲೆಕ್ಕದಲ್ಲಿ ಬೆಲೆಯಿಲ್ಲದ ವೇಳೆ. ಅಂಥ ಹೊತ್ತಿನಲ್ಲಿಯೇ ಯಂತ್ರದ ಮುಂದೆ ಕುಳಿತು, ಒಂದು ನಾಡಿನ ಸಂಗೀತವನ್ನು ಆ ನಾಡಿನ ಕಿವಿಗೇ ಮುಟ್ಟಿಸಿದವನು ಜಮೈಕಾದ ಮೈಕೇಲ್ ಕ್ಯಾಂಬೆಲ್. ಜನರು ಅವನನ್ನು ಬಲ್ಲುದು ಮೈಕಿ ಡ್ರೆಡ್ ಎಂಬ ಹೆಸರಿನಿಂದ.

ನಾಡಿನ ಸಂಗೀತವನ್ನು ನಾಡಿಗೆ ಕೇಳಿಸುವುದು ಒಂದು ಸಾಹಸವೇ ಎಂದು ಯಾರಾದರೂ ಕೇಳಿಯಾರು. ಜಮೈಕಾದ ಚರಿತ್ರೆಯನ್ನು ಅರಿತವರು ಹಾಗೆ ಕೇಳಲಾರರು. ಕೆರಿಬಿಯನ್ ಸಮುದ್ರದ ಈ ದ್ವೀಪವನ್ನು 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ಕಿತ್ತುಕೊಂಡರು. ಕಬ್ಬಿನ ತೋಟಗಳಲ್ಲಿ ದುಡಿಸುವುದಕ್ಕಾಗಿ ಆಫ್ರಿಕದಿಂದ ಜನರನ್ನು ಸಂಕೋಲೆಯಲ್ಲಿ ತಂದರು. ಗುಲಾಮಗಿರಿಯನ್ನು ರದ್ದುಗೊಳಿಸುವ ಕಾನೂನು 1834ರಲ್ಲಿ ಜಾರಿಗೆ ಬಂದರೂ ಪೂರ್ಣ ಬಿಡುಗಡೆ ದೊರೆತದ್ದು 1838ರಲ್ಲಿ. ರಾಜಕೀಯ ಸ್ವಾತಂತ್ರ್ಯ ಬಂದದ್ದು 1962ರ ಆಗಸ್ಟ್ 6ರಂದು. ಧ್ವಜ ಬದಲಾಯಿತು. ಆದರೆ ಮನಸ್ಸಿನ ಮೇಲಿನ ಅಚ್ಚು ಅಷ್ಟು ಬೇಗ ಅಳಿಸುವಂಥದಲ್ಲ. ಮನೆಯಲ್ಲಿ, ಸಂತೆಯಲ್ಲಿ ಜನರಾಡುತ್ತಿದ್ದುದು ಇಂಗ್ಲಿಷ್ ಮತ್ತು ಆಫ್ರಿಕದ ನುಡಿಗಳ ಬೆರಕೆಯಿಂದ ಹುಟ್ಟಿದ ಪಾಟ್ವಾ ಎಂಬ ಮಾತು. ಶಾಲೆ, ಕಚೇರಿ, ಬಾನುಲಿಗಳಲ್ಲಿ ಮಾತ್ರ ಲಂಡನ್ನಿನ ಉಚ್ಚಾರಣೆಗೇ ಮಣೆ. ತನ್ನ ತಾಯಿಯ ಮಾತಿಗೆ ನಾಚುವುದನ್ನು ಕಲಿಸುವ ಶಿಕ್ಷಣದಷ್ಟು ಕ್ರೂರವಾದುದು ಬೇರೆ ಯಾವುದಿದೆ?

ಬಾನುಲಿ ಬಾಗಿಲು ತೆರೆಯದಿದ್ದಾಗ ಜನರು ತಮ್ಮದೇ ದಾರಿ ಹುಡುಕಿಕೊಂಡರು. ರಾಜಧಾನಿ ಕಿಂಗ್‌ಸ್ಟನ್ನಿನ ಬಡವರ ಕೇರಿಗಳಲ್ಲಿ 1950ರ ದಶಕದಿಂದಲೇ ಒಂದು ಏರ್ಪಾಡು ಬೆಳೆದಿತ್ತು. ಆಳೆತ್ತರದ ಧ್ವನಿವರ್ಧಕಗಳನ್ನು ವಾಹನದಲ್ಲಿ ಹೇರಿಕೊಂಡು ಹೋಗಿ, ಬಯಲಿನಲ್ಲಿ ಜೋಡಿಸಿ, ರೆಕಾರ್ಡುಗಳನ್ನು ನುಡಿಸುವುದು. ಜನರು ನೆರೆದು ಕುಣಿಯುವುದು. ಇದನ್ನು ಸೌಂಡ್ ಸಿಸ್ಟಮ್ ಎಂದು ಕರೆದರು. ಮೊದಲು ಅಮೆರಿಕದ ಹಾಡುಗಳು ಮೊಳಗಿದವು. ಕ್ರಮೇಣ ಊರಿನ ಗಾಯಕರದೇ ಹಾಡುಗಳು ಬಂದವು. ಸ್ಕಾ ಎಂಬ ಚುರುಕಾದ ಶೈಲಿ, ಅದು ನಿಧಾನವಾಗಿ ರಾಕ್‌ಸ್ಟೆಡಿ, ಅದು ಇನ್ನಷ್ಟು ಮಾಗಿ 1968ರ ಸುಮಾರಿಗೆ ರೆಗ್ಗೆ.

ರೆಗ್ಗೆಯ ಲಯ ವಿಚಿತ್ರವಾದುದು. ನಾಲ್ಕು ಎಣಿಕೆಯ ತಾಳದಲ್ಲಿ ಪೆಟ್ಟು ಬೀಳಬೇಕೆಂದು ಕಿವಿ ಕಾಯುವ ಮೊದಲನೆಯ ಎಣಿಕೆ ಎಷ್ಟೋ ಹಾಡುಗಳಲ್ಲಿ ಬರಿದಾಗಿರುತ್ತದೆ. ಮದ್ದಲೆಯ ಭಾರವೆಲ್ಲ ಮೂರನೆಯದರ ಮೇಲೆ. ಎರಡು, ನಾಲ್ಕನೆಯ ಎಣಿಕೆಗಳಲ್ಲಿ ಗಿಟಾರಿನ ತಂತಿ ಕತ್ತರಿಸಿದಂತೆ ನುಡಿಯುತ್ತದೆ. ಅಡಿಯಲ್ಲಿ ಬಾಸ್ ಗಿಟಾರಿನ ಮಂದ್ರ ನಾದ ಹೊಳೆಯಂತೆ ಹರಿಯುತ್ತದೆ. ಸಮಕ್ಕೆ ಚಪ್ಪಾಳೆ ತಟ್ಟಿ ಅಭ್ಯಾಸವಾದವರು ಮೊದಮೊದಲು ಇದರಲ್ಲಿ ಎಡವುವುದು ಸಹಜ. ಹಾಡಿನ ವಸ್ತುವೂ ಹೊಸದು: ಹಸಿವು, ಅನ್ಯಾಯ, ಆಫ್ರಿಕದ ನೆನಪು, ದೇವರಲ್ಲಿ ಮೊರೆ. ರಾಸ್ತಫಾರಿ ಎಂಬ ಪಂಥದವರು ಈ ಹಾಡುಗಳಿಗೆ ಮುಖ್ಯ ಪ್ರೇರಣೆ. ಅವರು ಕೂದಲನ್ನು ಜಟೆಗಟ್ಟಿ ಬಿಡುವವರು. ಆ ಜಟೆಗೂ, ಜಟಾಧಾರಿಗೂ 'ಡ್ರೆಡ್' ಎಂಬ ಮಾತು ಸಲ್ಲುತ್ತದೆ. ಸಭ್ಯ ಸಮಾಜವು ಅವರನ್ನು ಬಹುಕಾಲ ಹೊಸ್ತಿಲಿನಿಂದಾಚೆಯೇ ನಿಲ್ಲಿಸಿತ್ತು.

ಇನ್ನು ಬಾನುಲಿಯ ಕಥೆ. ದ್ವೀಪದ ಮೊದಲ ಪ್ರಸಾರ 1939ರಲ್ಲಿ ಒಬ್ಬ ಹವ್ಯಾಸಿ ರೇಡಿಯೋಗಾರನು ಸರಕಾರಕ್ಕೆ ಒಪ್ಪಿಸಿದ ಉಪಕರಣಗಳಿಂದ ಆರಂಭವಾಯಿತು. ಅದು 1950ರಲ್ಲಿ ಒಂದು ಖಾಸಗಿ ಸಂಸ್ಥೆಯ ಕೈಸೇರಿತು. ಜನರ ಸೊತ್ತಾಗಿ ಒಂದು ಪ್ರಸಾರ ಕೇಂದ್ರ ಬೇಕೆಂದು 1959ರಲ್ಲಿ ಜಮೈಕಾ ಪ್ರಸಾರ ನಿಗಮವನ್ನು ಸ್ಥಾಪಿಸಿದರು. ಅದರ ಮಾದರಿ ಬಿ.ಬಿ.ಸಿ. ಉದ್ದೇಶ ಒಳ್ಳೆಯದೇ, ಆದರೆ ಮಾದರಿಯೊಡನೆ ಅಭಿರುಚಿಯೂ ಹಡಗು ಹತ್ತಿ ಬಂದಿತು. 1970ರ ದಶಕದಲ್ಲಿ ಬಾಬ್ ಮಾರ್ಲೆಯಂಥವರ ಹಾಡುಗಳು ಸಾಗರ ದಾಟಿ ಇಂಗ್ಲೆಂಡನ್ನು ಗೆಲ್ಲುತ್ತಿದ್ದಾಗ, ಕಿಂಗ್‌ಸ್ಟನ್ನಿನ ಬಾನುಲಿಯಲ್ಲಿ ಬಹುಪಾಲು ಕೇಳಿಬರುತ್ತಿದ್ದುದು ಹೊರದೇಶಗಳ ಸಪ್ಪೆ ಗೀತೆಗಳು!

ಕ್ಯಾಂಬೆಲ್ ಹುಟ್ಟಿದ್ದು 1954ರಲ್ಲಿ, ದ್ವೀಪದ ಈಶಾನ್ಯ ಕರಾವಳಿಯ ಪೋರ್ಟ್ ಆಂಟೋನಿಯೊ ಎಂಬ ಊರಿನಲ್ಲಿ. ತಂತಿ, ಬೆಸುಗೆ, ವಿದ್ಯುತ್ತುಗಳ ಹುಚ್ಚು ಅವನಿಗೆ ಬಾಲ್ಯದಿಂದಲೇ ಹತ್ತಿತ್ತು. ಪ್ರೌಢಶಾಲೆಯ ಪುಟ್ಟ ರೇಡಿಯೋ ಕೇಂದ್ರದಲ್ಲಿ ದುಡಿದ. ಊರಿನ ಸೌಂಡ್ ಸಿಸ್ಟಮುಗಳೊಡನೆ ತಿರುಗಿದ. ಕಿಂಗ್‌ಸ್ಟನ್ನಿಗೆ ಬಂದು ವಿದ್ಯುತ್ ತಂತ್ರಜ್ಞಾನ ಓದಿ, 1976ರಲ್ಲಿ ಪ್ರಸಾರ ನಿಗಮದಲ್ಲಿ ತಂತ್ರಜ್ಞನಾಗಿ ಸೇರಿದ. ಮಾತನಾಡುವುದು ಉದ್ಘೋಷಕರ ಕೆಲಸ. ಅವರ ಮಾತು ಗಾಳಿಗೆ ಸೇರುವಂತೆ ನೋಡಿಕೊಳ್ಳುವುದು ಇವನದು. ಹಾಗೆ ಕುಳಿತು ಕೇಳುತ್ತಿದ್ದವನಿಗೆ ದಿನದಿನವೂ ಒಂದೇ ಸಂಗತಿ ಚುಚ್ಚುತ್ತಿತ್ತು: ಗೋಡೆಯಾಚೆ ಇಡೀ ಕೇರಿ ಹಾಡುತ್ತಿರುವುದು ಈ ಗೋಡೆಯೊಳಗೆ ಏಕೆ ಬರುತ್ತಿಲ್ಲ?

ದೂರುತ್ತ ಕುಳಿತಿದ್ದರೆ ಅವನೂ ಹತ್ತರಲ್ಲಿ ಒಬ್ಬನಾಗುತ್ತಿದ್ದ. ಅವನು ಮೇಲಧಿಕಾರಿಗಳ ಬೆನ್ನು ಹತ್ತಿ, ಅವರನ್ನು ಒಪ್ಪಿಸಿ, ರಾತ್ರಿಯ ಹೊತ್ತಿನಲ್ಲಿ ಒಂದು ಕಾರ್ಯಕ್ರಮ ಪಡೆದ. ಅದರ ಹೆಸರು 'ಡ್ರೆಡ್ ಅಟ್ ದಿ ಕಂಟ್ರೋಲ್ಸ್'. ನಿಯಂತ್ರಣ ಯಂತ್ರದ ಮುಂದೆ ಈಗ ಜಟಾಧಾರಿ ಕುಳಿತಿದ್ದಾನೆ ಎಂದು ಅದರ ಅರ್ಥ. ಹೆಸರಿನಲ್ಲಿಯೇ ಎಷ್ಟು ತುಂಟತನ! ಯಾರನ್ನು ಹೊಸ್ತಿಲಿನಾಚೆ ನಿಲ್ಲಿಸಿದ್ದರೋ ಅವನೇ ಮನೆಯ ಚಾವಡಿಯಲ್ಲಿ ಕುಳಿತು ಬಾಗಿಲು ತೆರೆದಂತಾಯಿತು.

ಆ ಕಾರ್ಯಕ್ರಮದಲ್ಲಿ ಅವನು ನುಡಿಸಿದ್ದು ಹೆಚ್ಚುಕಡಿಮೆ ರೆಗ್ಗೆಯನ್ನು ಮಾತ್ರ. ಗಂಭೀರ ಕಂಠದ ಪ್ರಕಟಣೆಗಳಿಗೆ ಅಲ್ಲಿ ಎಡೆಯಿರಲಿಲ್ಲ. ಗಂಟೆಯ ಸದ್ದು, ನೀರಿನ ಸದ್ದು, ಪ್ರತಿಧ್ವನಿ, ಪ್ರಾಸಬದ್ಧವಾದ ತುಂಡು ಮಾತುಗಳು - ಇವನ್ನೆಲ್ಲ ಮುಂಚೆಯೇ ಮುದ್ರಿಸಿಟ್ಟುಕೊಂಡು ಹಾಡುಗಳ ನಡುವೆ ಚಿಮುಕಿಸುತ್ತಿದ್ದ. ಅದು ಕೇರಿಯ ಮಾತು, ಕೇರಿಯ ಹಾಸ್ಯ. ತಂತ್ರಜ್ಞನಾಗಿದ್ದುದು ಅವನಿಗೆ ಕೊರತೆಯಾಗಲಿಲ್ಲ, ಆಸ್ತಿಯಾಯಿತು. ಉದ್ಘೋಷಕನು ಕಂಠದಿಂದ ಮಾಡುವುದನ್ನು ಅವನು ಕಂಠ ಮತ್ತು ಯಂತ್ರ ಎರಡರಿಂದಲೂ ಮಾಡಬಲ್ಲವನಾಗಿದ್ದ.

ಈ ವಿದ್ಯೆಯಲ್ಲಿ ಅವನಿಗೆ ಹಿರಿಯ ಜೊತೆಗಾರನೊಬ್ಬನಿದ್ದ. ಕಿಂಗ್ ಟಬ್ಬಿ ಎಂದು ಖ್ಯಾತನಾದ ಆಸ್‌ಬೋರ್ನ್ ರಡ್ಡಕ್ ಮೂಲತಃ ರೇಡಿಯೋ ಮತ್ತು ವಿದ್ಯುತ್ ಉಪಕರಣಗಳನ್ನು ದುರಸ್ತಿ ಮಾಡುವವನು. ಮುದ್ರಿತವಾದ ಹಾಡಿನಿಂದ ಗಾಯಕನ ಧ್ವನಿಯನ್ನು ತೆಗೆದು, ಮದ್ದಲೆ ಮತ್ತು ಬಾಸ್ ಅನ್ನು ಮಾತ್ರ ಉಳಿಸಿ, ಅಲ್ಲಲ್ಲಿ ಪ್ರತಿಧ್ವನಿಯನ್ನು ತೂರಿ, ಹಳೆಯ ಹಾಡಿನಿಂದ ಹೊಸದೊಂದನ್ನು ಕಡೆಯುವ 'ಡಬ್' ಎಂಬ ಕಲೆಯನ್ನು ಬೆಳೆಸಿದವರಲ್ಲಿ ಅವನು ಅಗ್ರಗಣ್ಯ. ಅವನ ಪುಟ್ಟ ಮನೆಯ ಕೋಣೆಯಲ್ಲಿ ಸಿದ್ಧವಾಗಿ, ಅಂಗಡಿಗೆ ಇನ್ನೂ ಬಾರದ ತಟ್ಟೆಗಳು ಕ್ಯಾಂಬೆಲ್ಲನ ಕೈಸೇರಿ, ರಾತ್ರಿಯ ಗಾಳಿಯಲ್ಲಿ ದ್ವೀಪವನ್ನೆಲ್ಲ ಸುತ್ತಿದವು.

ಫಲವೇನಾಯಿತು? ಬೆಲೆಯಿಲ್ಲದ ಹೊತ್ತಿನ ಆ ಕಾರ್ಯಕ್ರಮ ನಿಗಮದ ಅತ್ಯಂತ ಜನಪ್ರಿಯ ಕಾರ್ಯಕ್ರಮವಾಯಿತು. ಎಚ್ಚರವಿದ್ದವರು ಕೇಳಿದರು, ಕೇಳುವುದಕ್ಕಾಗಿಯೇ ಕೆಲವರು ಎಚ್ಚರವಾಗಿ ಉಳಿದರು. ಅಂಥ ಗೆಲುವನ್ನು ಸಂಸ್ಥೆ ಎತ್ತಿ ಆಡಿಸಬೇಕಾಗಿತ್ತು. ಆದರೆ ಸಂಪ್ರದಾಯನಿಷ್ಠ ಆಡಳಿತವರ್ಗಕ್ಕೆ ಅವನ ರೀತಿ ರುಚಿಸಲಿಲ್ಲ. ತಿಕ್ಕಾಟ ಬೆಳೆಯಿತು. ಆ ದಶಕ ಮುಗಿಯುವುದರೊಳಗೆ ಕ್ಯಾಂಬೆಲ್ ಪ್ರತಿಭಟಿಸಿ ಕೆಲಸ ಬಿಟ್ಟುಕೊಟ್ಟ. ನಿಶ್ಚಿತವಾದ ಸಂಬಳ, ನಾಡಿಗೆ ನಾಡೇ ಕಿವಿಗೊಟ್ಟ ಪೀಠ - ಎರಡನ್ನೂ ತೊರೆಯುವುದು ಇಪ್ಪತ್ತರ ಹರೆಯದ ಯುವಕನಿಗೆ ಸುಲಭವಾಗಿರಲಾರದು. ಸ್ವಲ್ಪ ಬಗ್ಗಿದ್ದರೆ ಇನ್ನೂ ಹಲವು ವರ್ಷ ಸೇವೆ ಸಲ್ಲಿಸಬಹುದಿತ್ತಲ್ಲ ಎನ್ನುವವರೂ ಉಂಟು. ಆ ಮಾತಿನಲ್ಲಿ ತಿರುಳಿಲ್ಲವೆನ್ನಲಾಗದು. ಆದರೆ ಬಗ್ಗಿದ ಮೇಲೆ ಉಳಿಯುತ್ತಿದ್ದ ಕಾರ್ಯಕ್ರಮ ಅದೇ ಕಾರ್ಯಕ್ರಮವಾಗಿರುತ್ತಿತ್ತೇ?

ಮುಂದೆ ಅವನು ಕಾರ್ಯಕ್ರಮದ ಹೆಸರನ್ನೇ ತನ್ನ ಧ್ವನಿಮುದ್ರಿಕೆ ಸಂಸ್ಥೆಗೆ ಇಟ್ಟುಕೊಂಡ. 1980ರಲ್ಲಿ ಇಂಗ್ಲೆಂಡಿನ 'ದಿ ಕ್ಲ್ಯಾಷ್' ಎಂಬ ಪ್ರಸಿದ್ಧ ವಾದ್ಯವೃಂದ ಅವನನ್ನು ಜೊತೆಗೂಡಿಸಿಕೊಂಡಿತು. ಇಂಗ್ಲೆಂಡಿನಲ್ಲಿಯೂ ಕೆರಿಬಿಯನ್ ಮೂಲದವರಿಗೆ ಬಾನುಲಿಯ ಹಸಿವು ತೀರಿರಲಿಲ್ಲ. ಅದೇ ಕಾಲದಲ್ಲಿ ಲಂಡನ್ನಿನ ಕೆಲವು ಯುವಕರು ಪರವಾನಗಿಯಿಲ್ಲದೆಯೇ ಒಂದು ರೇಡಿಯೋ ಕೇಂದ್ರ ನಡೆಸಿ, ಬಿ.ಬಿ.ಸಿ.ಯನ್ನು ಅಣಕಿಸುವಂತೆ ಅದಕ್ಕೆ 'ಡ್ರೆಡ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್' ಎಂದು ಹೆಸರಿಟ್ಟರು. 1984ರವರೆಗೆ ಅದು ಅಧಿಕಾರಿಗಳ ಕಣ್ಣು ತಪ್ಪಿಸಿ ತನ್ನ ಸಮುದಾಯಕ್ಕಾಗಿ ಮಿಡಿಯಿತು. ಕ್ಯಾಂಬೆಲ್ಲನಾದರೋ ಆ ದಶಕದ ಆರಂಭದಲ್ಲಿ ಬ್ರಿಟನ್ನಿನ ದೂರದರ್ಶನಕ್ಕಾಗಿ ತಯಾರಾದ 'ಡೀಪ್ ರೂಟ್ಸ್ ಮ್ಯೂಸಿಕ್' ಎಂಬ ಚಿತ್ರಮಾಲೆಗೆ ನಿರೂಪಕನಾಗಿ, ರೆಗ್ಗೆಯ ಬೇರುಗಳನ್ನು ಪರಿಚಯಿಸಿದ.

ಹೀಗೆ ಹಾಡಿದರೂ, ಹಾಡಿಸಿದರೂ ಅವನ ಮನಸ್ಸು ರೇಡಿಯೋ ಬಿಡಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಮಯಾಮಿ ನಗರದ ಬಾನುಲಿಯಲ್ಲಿ ಮತ್ತೆ ಅವನ ಧ್ವನಿ ಕೇಳಿಸಿತು. ಅಷ್ಟರಲ್ಲಿ ತವರಿನಲ್ಲಿಯೂ ಗಾಳಿ ತಿರುಗಿತ್ತು. 1990ರಲ್ಲಿ ಓಚೊ ರಿಯೋಸ್ ಎಂಬ ಊರಿನಿಂದ 'ಐರಿ ಎಫ್.ಎಂ.' ಎಂಬ ಹೊಸ ಕೇಂದ್ರ ಪ್ರಸಾರವನ್ನಾರಂಭಿಸಿತು. ಅದು ರೆಗ್ಗೆಗಾಗಿಯೇ ಮೀಸಲು. ಕದ್ದು ಎಚ್ಚರವಿದ್ದು ಕೇಳಬೇಕಾಗಿದ್ದ ಸಂಗೀತ ಅಲ್ಲಿ ಹಾಡುಹಗಲೇ ಮೊಳಗತೊಡಗಿತು. ಕ್ಯಾಂಬೆಲ್ ತೊರೆದುಬಂದಿದ್ದ ಪ್ರಸಾರ ನಿಗಮವಾದರೋ 1997ರಲ್ಲಿ ಮುಚ್ಚಿಹೋಯಿತು.

ಮೆದುಳಿನ ಗೆಡ್ಡೆಯಿಂದ ನರಳುತ್ತಿದ್ದ ಕ್ಯಾಂಬೆಲ್ 2008ರ ಮಾರ್ಚ್ 15ರಂದು, ಅಮೆರಿಕದ ಕನೆಟಿಕಟ್ ರಾಜ್ಯದಲ್ಲಿದ್ದ ಸೋದರಿಯ ಮನೆಯಲ್ಲಿ ತೀರಿಕೊಂಡ. ಅವನ ಕಾರ್ಯಕ್ರಮವನ್ನು ಕೇಳುಗರು ತಮ್ಮ ರೇಡಿಯೋದಿಂದ ಕ್ಯಾಸೆಟ್ಟುಗಳಿಗೆ ಇಳಿಸಿಕೊಂಡಿದ್ದರು. ಅವು ಕೈಯಿಂದ ಕೈಗೆ ದಾಟಿ ದೂರದ ನಗರಗಳನ್ನೂ ತಲುಪಿದ್ದವು. ಇಂದಿಗೂ ಅಂಥ ಕೆಲವು ಮುದ್ರಣಗಳು ಉಳಿದಿವೆ. ಧ್ವನಿ ಅಲ್ಲಲ್ಲಿ ಮಾಸಿದೆ, ಕರಕರ ಸದ್ದು ನಡುವೆ ಬರುತ್ತದೆ. ಅದರ ಹಿಂದಿನಿಂದ ಗಂಟೆ ಬಾರಿಸುತ್ತದೆ, ಬಾಸ್ ಹೊಮ್ಮುತ್ತದೆ, ಜಟಾಧಾರಿ ನಗುತ್ತಾನೆ.