ಬರುತ್ತೇನೆ ಎಂಬ ಮಾತು

ಪತ್ತನಾಜೆ ಕಳೆಯಿತೆಂದರೆ ತುಳುನಾಡಿನ ಹಳ್ಳಿಗಳಲ್ಲಿ ಒಂದು ಬಗೆಯ ನಿಶ್ಶಬ್ದ ನೆಲೆಸುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೈವಗಳ ಕೋಲ, ನೇಮಗಳು ಮಳೆಗಾಲ ಮುಗಿಯುವವರೆಗೆ ನಿಲ್ಲುತ್ತವೆ. ಬೇಸಗೆಯ ರಜೆಗೆಂದು ಮುಂಬಯಿಯಿಂದ ಊರಿಗೆ ಬಂದವರು ಗಂಟುಮೂಟೆ ಕಟ್ಟತೊಡಗುವುದೂ ಆ ಹೊತ್ತಿಗೇ. 2024ರ ಮೇ ತಿಂಗಳಲ್ಲಿ, ಪತ್ತನಾಜೆ ಕಳೆದ ಮೂರನೆಯ ದಿನ, ಮೂಲ್ಕಿಗೆ ಸಮೀಪದ ಒಂದು ಹಂಚಿನ ಮನೆಯಲ್ಲಿಯೂ ಮೂಟೆಗಳು ಸಿದ್ಧವಾಗಿದ್ದವು. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಪುನರ್ಪುಳಿಯ ಒಣಸಿಪ್ಪೆ, ತೆಂಗಿನೆಣ್ಣೆ: ಐವತ್ತು ವರ್ಷಗಳಲ್ಲಿ ಈ ಪಟ್ಟಿ ಬದಲಾಗಿರಲಿಲ್ಲ. ಬದಲಾದುದು ಒಂದೇ. ಇಷ್ಟು ಕಾಲ ಮೂಟೆ ಕಟ್ಟಿಕೊಟ್ಟು ತಡಮೆಯ ಬಳಿ ನಿಂತು ಕಳುಹಿಸುತ್ತಿದ್ದ ತಾಯಿ ಈ ಸಲ ತಾನೂ ಹೊರಡುವವಳಾಗಿದ್ದಳು.

ಆಕೆಗೆ ಎಂಬತ್ತಾರು ವರ್ಷ. ಹಿಂದಿನ ಮಳೆಗಾಲದಲ್ಲಿ ಬಾವಿಕಟ್ಟೆಯ ಬಳಿ ಜಾರಿ ಬಿದ್ದವಳು ನೆರೆಮನೆಯವರ ಕಣ್ಣಿಗೆ ಬೀಳುವವರೆಗೆ ಮಳೆಯಲ್ಲಿಯೇ ಇದ್ದಳು. ಅಂದೇ ಡೊಂಬಿವಲಿಯಲ್ಲಿದ್ದ ಮಗ ನಿಶ್ಚಯಿಸಿಬಿಟ್ಟ: ಇನ್ನು ಮುಂದೆ ಅಮ್ಮ ಒಬ್ಬಳೇ ಇರತಕ್ಕದ್ದಲ್ಲ. ಆಕೆ ಇದಕ್ಕೆ ಮೊದಲು ಮುಂಬಯಿಯನ್ನು ಕಾಣದವಳೇನಲ್ಲ. ಮೊಮ್ಮಕ್ಕಳ ನಾಮಕರಣಕ್ಕೆ, ಮದುವೆಗೆ ಹೋಗಿ ಬಂದಿದ್ದಳು. ಆದರೆ ಆಗಲೆಲ್ಲ ಹೋಗುವ ಟಿಕೇಟಿನೊಡನೆ ಮರಳುವ ಟಿಕೇಟೂ ಇರುತ್ತಿತ್ತು. ಈ ಸಲ ನಾಲ್ಕು ತಿಂಗಳ ಮೊದಲೇ ಮಗ ಕಾದಿರಿಸಿದ್ದು ಹೋಗುವ ಟಿಕೇಟನ್ನು ಮಾತ್ರ. ಅದನ್ನು ಆಕೆಗೆ ಯಾರೂ ಹೇಳಲಿಲ್ಲ, ಆಕೆಯೂ ಕೇಳಲಿಲ್ಲ.

ಮುಂಬಯಿ ಕನ್ನಡಿಗರ ಮಾತಿನಲ್ಲಿ ‘ಊರು’ ಮತ್ತು ‘ಮನೆ’ ಬಹಳ ಹಿಂದೆಯೇ ಬೇರೆಯಾದ ಎರಡು ಪದಗಳು. ಹೋಗುವುದು ಊರಿಗೆ, ಮರಳುವುದು ಮನೆಗೆ. ಊರಿನಲ್ಲಿ ಕಳೆಯುವ ಕೊನೆಯ ದಿನ ಈ ಎರಡು ಪದಗಳ ನಡುವಿನ ಅಂತರ ಎಲ್ಲರಿಗೂ ಒಂದಿಷ್ಟು ಚುಚ್ಚುತ್ತದೆ. ಆದರೂ ಮಗನಿಗೆ ಅದು ಅಭ್ಯಾಸವಾಗಿಹೋದ ನೋವು. ತಾಯಿಯ ಪಾಲಿಗೆ ಹಾಗಲ್ಲ. ಆಕೆಗೆ ಊರೂ ಮನೆಯೂ ಒಂದೇ ಆಗಿದ್ದವು. ಒಂದೇ ರೈಲುಗಾಡಿ ಅಂದು ಮಗನನ್ನು ಮನೆಗೆ ಒಯ್ಯುತ್ತಿತ್ತು, ತಾಯಿಯನ್ನು ಮನೆಯಿಂದ ಒಯ್ಯುತ್ತಿತ್ತು.

ಮಗ ಮೊದಲ ಬಾರಿಗೆ ಆ ತಡಮೆ ದಾಟಿದ್ದು 1972ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ. ಅದಕ್ಕೂ ಹಿಂದಿನ ತಲೆಮಾರಿನವರು ಮಂಗಳೂರಿನಿಂದ ಹಡಗು ಹತ್ತಿದವರು. ಆತನ ಕಾಲಕ್ಕೆ ಬಸ್ಸು ಬಂದಿತ್ತು. ಘಟ್ಟ ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆಗಳನ್ನು ದಾಟಿ ಮುಂಬಯಿ ಸೇರುವಷ್ಟರಲ್ಲಿ ಹುಡುಗನ ಕಾಲು ಬಾತಿತ್ತು. ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುವ ಕೆಲಸ; ಸಂಜೆಯ ಮೇಲೆ ಕನ್ನಡದ ರಾತ್ರಿಶಾಲೆ. ಅಂಥ ಶಾಲೆಗಳು ಅಂದು ಮುಂಬಯಿಯಲ್ಲಿ ಹಲವಿದ್ದವು. ಹೋಟೆಲು ಹುಡುಗರನ್ನು ಹತ್ತನೆಯ ತರಗತಿ ದಾಟಿಸಿದ ಆ ಶಾಲೆಗಳಲ್ಲಿ ಹೆಚ್ಚಿನವು ಇಂದು ಉಳಿದಿಲ್ಲ. ಆತನ ಮನೆಮಾತು ತುಳು, ಹೋಟೆಲಿನದು ಹಿಂದಿ, ಬೀದಿಯದು ಮರಾಠಿ. ಕನ್ನಡ ಇದ್ದುದು ರಾತ್ರಿಶಾಲೆಯ ಹಲಗೆಯ ಮೇಲೆ ಮತ್ತು ಊರಿಗೆ ಬರೆಯುವ ಇನ್‌ಲೆಂಡ್ ಕಾಗದದ ಮೇಲೆ. ತಾಯಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವಳು. ಎದುರಿಗಿದ್ದಾಗ ತುಳುವಿನಲ್ಲಿ ಮಾತಾಡುತ್ತಿದ್ದ ಆ ತಾಯಿ ಮಗ ದೂರವಿದ್ದಾಗ ಒಬ್ಬರಿಗೊಬ್ಬರು ಕನ್ನಡದಲ್ಲಿ ಬರೆದುಕೊಂಡರು. ಹೀಗೆ ಆ ಮನೆಯಲ್ಲಿ ಕನ್ನಡವೆಂಬುದು ಅಗಲಿಕೆಯ ಭಾಷೆಯಾಗಿತ್ತು. ಪ್ರತಿ ಕಾಗದವೂ ಮುಗಿಯುತ್ತಿದ್ದುದು ಒಂದೇ ಮಾತಿನಿಂದ: ಬರುವ ವರ್ಷ ಬರುತ್ತೇನೆ.

ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಹೊರಟು ನಿಂತವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ಅಗಲುವ ಗಳಿಗೆಯಲ್ಲಿಯೇ ಮರಳುವ ಮಾತು ಕೊಡಬೇಕೆಂಬುದು ಈ ನುಡಿಗಳ ಮರ್ಯಾದೆ. ಅಂದು ಮಧ್ಯಾಹ್ನ ಕೀಲಿಕೈ ತೆಗೆದುಕೊಳ್ಳಲು ಬಂದ ನೆರೆಮನೆಯ ಹೆಂಗಸು, “ಇನ್ನು ಎಂದು ಬರುತ್ತೀರಿ ದೊಡ್ಡಮ್ಮ?” ಎಂದಳು. “ಬರುತ್ತೇನೆ, ಸಂಕ್ರಮಣದ ದಿನ ದೈವಕ್ಕೆ ದೀಪ ಇಡುವುದನ್ನು ಮರೆಯಬೇಡ” ಎಂದಳು ತಾಯಿ. ಬಾವಿಗೆ ನೀರು ಸೇದಲು ಬಂದ ಮಕ್ಕಳಿಗೂ, ದಾರಿಯಲ್ಲಿ ಸಿಕ್ಕ ಮೀನಿನವಳಿಗೂ ಅದೇ ಉತ್ತರ. ಆದರೆ ದೈವದ ಗುಡಿಯ ಮುಂದೆ ಕೈಮುಗಿದು ನಿಂತಾಗ ಆಕೆ ತುಟಿ ಬಿಚ್ಚಲಿಲ್ಲ. ಮನುಷ್ಯರ ಎದುರು ಉಪಚಾರಕ್ಕೆ ಆಡಬಹುದಾದ ಮಾತನ್ನು ದೈವದ ಎದುರು ಆಡಲು ಆಕೆಗೆ ಧೈರ್ಯ ಸಾಲದೆ ಹೋಯಿತೆಂದು ಹಿಂದೆ ನಿಂತಿದ್ದ ಮಗನಿಗೆ ತಿಳಿಯಿತು.

ಇನ್ನೊಂದು ಸಂಗತಿಯನ್ನೂ ಆತ ಕಂಡ. ಆ ವರ್ಷ ಉಪ್ಪುನೀರಿನಲ್ಲಿ ಹಾಕಿದ ಮಾವಿನಕಾಯಿಯ ಎರಡು ಭರಣಿಗಳಲ್ಲಿ ಒಂದು ಮಾತ್ರ ಮೂಟೆ ಸೇರಿತ್ತು. ಇನ್ನೊಂದರ ಬಾಯಿಗೆ ಬಟ್ಟೆ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದಳು. “ಇದು ಮರೆತುಹೋಯಿತೇ ಅಮ್ಮ?” ಎಂದುದಕ್ಕೆ, “ಮರೆತದ್ದಲ್ಲ ಮಗಾ, ಬಂದಾಗ ಗಂಜಿಗೆ ಬೇಕಲ್ಲ” ಎಂದಳು. ಮಗ ಮಾತು ಮುಂದುವರಿಸಲಿಲ್ಲ.

ಮೂಲ್ಕಿಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ನಿಲ್ಲುವುದು ಸ್ವಲ್ಪ ಹೊತ್ತು. ಮೂಟೆಗಳನ್ನು ಏರಿಸಿ, ತಾಯಿಯನ್ನು ಕಿಟಕಿಯ ಬದಿ ಕೂರಿಸುವಷ್ಟರಲ್ಲಿ ಗಾಡಿ ಶಾಂಭವಿಯ ಸೇತುವೆಯ ಮೇಲಿತ್ತು. ಕೊಂಕಣ ರೈಲ್ವೆ ಮಂಗಳೂರು ಉಡುಪಿಗಳ ನಡುವೆ 1993ರಲ್ಲಿ ಓಡತೊಡಗಿ, 1998ರಲ್ಲಿ ಪೂರ್ಣ ಮಾರ್ಗವಾಗಿ ತೆರೆದುಕೊಂಡಿತು. ಹಗಲಿರುಳಿನ ಬಸ್ಸಿನ ಪಯಣ ಒಂದು ಸಂಜೆ ಮತ್ತು ಒಂದು ರಾತ್ರಿಗೆ ಇಳಿಯಿತು. ಅಂತರ ಕುಗ್ಗಿತೆಂದು ಅಂದು ಎಲ್ಲರೂ ಸಂತೋಷಪಟ್ಟರು. ಮಗ ಮೊದಲಿಗಿಂತ ಹೆಚ್ಚು ಸಲ ಬಂದ. ಅಷ್ಟೇ ಬೇಗ ಹಿಂತಿರುಗಿಯೂ ಹೋದ.

ತಾಯಿ ನಿಲ್ದಾಣಗಳ ಹೆಸರುಗಳನ್ನು ಒಂದೊಂದಾಗಿ ಓದುತ್ತ ಬಂದಳು. ಉಡುಪಿ, ಬಾರ್ಕೂರು, ಕುಂದಾಪುರ, ಭಟ್ಕಳ. ಅಕ್ಷರ ಕಲಿಯುವ ಮಗುವಿನಂತೆ ಹಳದಿ ಹಲಗೆಯ ಕನ್ನಡವನ್ನು ಗಟ್ಟಿಯಾಗಿ ಓದಿ, ಆ ಊರಿನಲ್ಲಿ ತನಗೆ ತಿಳಿದವರು ಯಾರಾದರೂ ಇದ್ದರೆ ಹೇಳುವಳು. ಹೊನ್ನಾವರದಲ್ಲಿ ಎರಡು ಕಿಲೋಮೀಟರು ಉದ್ದದ ಸೇತುವೆಯ ಕೆಳಗೆ ಶರಾವತಿ ಇಳಿಬಿಸಿಲಿನಲ್ಲಿ ಹೊಳೆಯುತ್ತಿತ್ತು. ಗೋಕರ್ಣ ರೋಡಿನಲ್ಲಿ ಮಗನಿಗೆ ಯಶವಂತ ಚಿತ್ತಾಲರ ನೆನಪಾಯಿತು. 1928ರಲ್ಲಿ ಅಲ್ಲಿಗೆ ಸಮೀಪದ ಹನೇಹಳ್ಳಿಯಲ್ಲಿ ಹುಟ್ಟಿ, 2014ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಅವರ ಬರವಣಿಗೆ ಕೊನೆಯವರೆಗೂ ಈ ಎರಡು ಊರುಗಳ ನಡುವೆ ಓಡಾಡಿತು. ರಾತ್ರಿಶಾಲೆಯ ದಿನಗಳು ಮುಗಿದ ಮೇಲೆ ಆತ ಎರವಲು ತಂದು ಓದಿದ ಮೊದಲ ದೊಡ್ಡ ಕಾದಂಬರಿ ‘ಶಿಕಾರಿ’. ಊರು ಬಿಟ್ಟವನಿಗೆ ಊರು ಬೆನ್ನು ಬಿಡುವುದಿಲ್ಲವೆಂಬುದು ಆತ ಆ ಲೇಖಕರಿಂದ ಕಲಿತ ಪಾಠ. ಊರು ಬಿಡದೆ ಉಳಿದವರ ಪಾಡೇನೆಂದು ಯೋಚಿಸುವ ಸಂದರ್ಭ ಮಾತ್ರ ಇಂದಿನವರೆಗೆ ಒದಗಿರಲಿಲ್ಲ.

ಕಾರವಾರ ದಾಟಿದಾಗ ಕತ್ತಲಾಗಿತ್ತು. ಕಾಳಿಯ ಸೇತುವೆ ಸದ್ದು ಮಾಡಿ ಹಿಂದೆ ಸರಿಯಿತು. ಮಡಗಾಂವಿನ ಹಲಗೆಯನ್ನು ತಾಯಿ ಬಹಳ ಹೊತ್ತು ದಿಟ್ಟಿಸಿದಳು. ಅದರಲ್ಲಿ ಕನ್ನಡವಿರಲಿಲ್ಲ. ಏನೂ ಹೇಳದೆ ಕಿಟಕಿಯ ಬಾಗಿಲನ್ನು ಕೆಳಗೆ ಎಳೆದಳು. ನಡುರಾತ್ರಿಯ ಅನಂತರ ರತ್ನಾಗಿರಿಯ ಆಚೆ, ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗದಲ್ಲಿ ಗಾಡಿ ಮೊರೆಯುತ್ತಿದ್ದಾಗ ಮಗನಿಗೆ ಎಚ್ಚರವಾಯಿತು. ಆಕೆ ಎದ್ದು ಕುಳಿತಿದ್ದಳು.

“ನೀನು ಮೊದಲ ಸಲ ಹೋದಾಗ ರಾತ್ರಿ ನಿದ್ದೆ ಬಂದಿತ್ತೇ?” ಎಂದು ಕೇಳಿದಳು.

“ಇಲ್ಲ ಅಮ್ಮ.”

“ಮತ್ತೆ ಕಾಗದದಲ್ಲಿ ಸುಖವಾಗಿ ಬಂದು ಮುಟ್ಟಿದೆ ಎಂದು ಬರೆದಿದ್ದೆ.”

ಐವತ್ತೆರಡು ವರ್ಷಗಳ ಹಿಂದಿನ ಕಾಗದದ ಒಕ್ಕಣೆ ಆಕೆಗೆ ನೆನಪಿತ್ತು. ಅದನ್ನು ನಂಬಿರಲಿಲ್ಲವೆಂಬುದು ಮಗನಿಗೆ ತಿಳಿದದ್ದು ಅಂದು. ಸುರಂಗ ಮುಗಿದು ಹೊರಗಿನ ಗಾಳಿ ಬಂದಿತು. ಇಬ್ಬರೂ ಮತ್ತೆ ಮಲಗಲಿಲ್ಲ.

ಪನವೇಲಿನಲ್ಲಿ ಚಹದವರ ಕೂಗು, ಠಾಣೆಯಲ್ಲಿ ಬೆಳಕು. ಅಲ್ಲಿ ಇಳಿದು, ಲೋಕಲು ಗಾಡಿಯ ನೂಕುನುಗ್ಗಲಿಗೆ ಅಂಜಿ, ಬಾಡಿಗೆ ಕಾರಿನಲ್ಲಿ ಡೊಂಬಿವಲಿ ತಲಪಿದಾಗ ಕಟ್ಟಡದ ಕಾವಲುಗಾರ ಮೂಟೆಗಳನ್ನು ನೋಡಿ, ಊರಿನಿಂದ ಬಂದಿರೇ ಎಂದು ಮರಾಠಿಯಲ್ಲಿ ಕೇಳಿದ. ತಾಯಿಗೆ ಮರಾಠಿ ಬಾರದು. ಆದರೂ ಪ್ರಶ್ನೆ ತಿಳಿದವಳಂತೆ ತಲೆಯಾಡಿಸಿದಳು.

ಸ್ನಾನ, ಕಾಫಿ ಮುಗಿದ ಮೇಲೆ ಆಕೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಸಂಕ್ರಮಣ ಎಂದೆಂದು ಕೇಳಿದಳು. ಆ ದಿನ ಫೋನು ಮಾಡಿ ದೀಪ ಇಟ್ಟರೋ ಎಂದು ವಿಚಾರಿಸಬೇಕೆಂದಳು. ತನ್ನನ್ನು ಎಂದು ಹಿಂದಕ್ಕೆ ಕರೆದೊಯ್ಯುತ್ತೀ ಎಂದು ಕೇಳಲಿಲ್ಲ. ಆಕೆ ಕೇಳಿದ್ದರೆ ವೈದ್ಯರ ಮಾತು, ಮೆಟ್ಟಿಲು, ಜಾರುವ ಬಾವಿಕಟ್ಟೆ ಎಂದು ಮಗ ಹೇಳಬಹುದಾದುದು ಬಹಳವಿತ್ತು. ಕೇಳದಿದ್ದುದರಿಂದ ಆತನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆ ಆತ ಆಗಸ್ಟಿನ ನಾಗರಪಂಚಮಿಗೆ ಹೋಗಲು ಎರಡು, ಬರಲು ಎರಡು ಟಿಕೇಟು ಕಾದಿರಿಸಿದ. ನಾಲ್ಕೂ ವೇಟಿಂಗ್ ಲಿಸ್ಟಿನಲ್ಲಿದ್ದವು.

ಮಳೆಗಾಲದಲ್ಲಿ ಕೊಂಕಣದ ಗಾಡಿಗಳು ಬೇರೆಯೇ ವೇಳಾಪಟ್ಟಿಯಂತೆ ಮೆಲ್ಲಗೆ ಸಾಗುತ್ತವೆ. ಆ ಆಗಸ್ಟಿನಲ್ಲಿ ತಾಯಿ ಮಗ ಹಾಗೆಯೇ ಮೆಲ್ಲಗೆ ಊರು ಸೇರಿದರು. ನಾಗನಿಗೆ ಹಾಲೆರೆದು ಬಂದು, ಗಂಜಿಯ ಬಟ್ಟಲುಗಳನ್ನಿಟ್ಟು, ತಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಎರಡು ಮಾವಿನಕಾಯಿ ತೆಗೆದು ಮತ್ತೆ ಬಿಗಿಯಾಗಿ ಕಟ್ಟಿದಳು. ಮೂರನೆಯ ದಿನ ಹೊರಡುವಾಗ ದೈವದ ಗುಡಿಯ ಮುಂದೆ ನಿಂತ ಆಕೆ ಹಿಂದೆ ಇದ್ದ ಮಗನಿಗೆ ಕೇಳಿಸುವಷ್ಟು ಗಟ್ಟಿಯಾಗಿ, “ಬರುತ್ತೇನೆ” ಎಂದಳು.