ಸುಂಕದವನ ಮುಂದೆ

ಪುಣೆಯ ಒಂದು ಫ್ಲ್ಯಾಟಿನ ಊಟದ ಮೇಜಿನ ಮೇಲೆ ಹುಬ್ಬಳ್ಳಿ ಸ್ಟೇಷನ್ ಎದ್ದಿದೆ. ಕಟ್ಟುತ್ತಿರುವವರು ನಿವೃತ್ತ ಟಿಕೆಟ್ ತಪಾಸಕರು. ಪುಟ್ಟ ಬೋಗಿ ಮಾತ್ರ ಇಂಗ್ಲೆಂಡಿನಿಂದ ಬರಬೇಕು.

ಅಂಗಡಿಯ ಬೆಲೆ 36 ಪೌಂಡ್. ಅದರಲ್ಲಿ 6 ಪೌಂಡ್ ಅಲ್ಲಿಯ 20% ವ್ಯಾಟ್. ರಫ್ತಾಗುವ ಸರಕಿಗೆ ಆ ತೆರಿಗೆ ಬೀಳುವುದಿಲ್ಲ. ಕೇಳಿದ್ದಕ್ಕೆ ಅಂಗಡಿಯವರು 30ಕ್ಕೆ ಇಳಿಸಿದರು. ಮಾರಾಟ ತೆರಿಗೆ ಸರಕು ಬಳಕೆಯಾಗುವ ದೇಶಕ್ಕೆ ಸಲ್ಲಬೇಕೆಂಬುದು ಇದರ ಹಿಂದಿನ ನ್ಯಾಯ. ಹಾಗಾಗಿ ಇತ್ತ ಭಾರತದಲ್ಲಿ ಬೆಲೆಗೆ ಸಾಗಣೆ, ವಿಮೆ ಸೇರಿಸಿ ಕಸ್ಟಮ್ಸ್ ಸುಂಕ. ಸುಂಕವೂ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ತೆರಿಗೆಗೂ ತೆರಿಗೆ! ಪಿಂಚಣಿಯ ಲೆಕ್ಕ ಯಾರಿಗೆ ಹೇಳುವುದು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.

'ಪೊಟ್ಟಣದ ಮೇಲೆ ಉಡುಗೊರೆ ಎಂದು ಬರೆಯಲೇ?' ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ₹5,000ದವರೆಗಿನ ಉಡುಗೊರೆಗೆ ಸುಂಕವಿಲ್ಲದ ಆ ದಾರಿ 2019ರ ಡಿಸೆಂಬರಿನಲ್ಲೇ ಮುಚ್ಚಿತ್ತು. ರಾಖಿಗೆ, ಜೀವರಕ್ಷಕ ಔಷಧಿಗೆ ಮಾತ್ರ ಬಿಟ್ಟಿದ್ದರು. ದಾರಿ ತೆರೆದಿದ್ದರೂ ಕೊಂಡದ್ದು ಉಡುಗೊರೆ ಹೇಗಾದೀತು? ಮೂವತ್ತು ವರ್ಷ 'ಟಿಕೆಟ್ ತೋರಿಸಿ' ಎಂದವರು ಬೇಡವೆಂದು ಉತ್ತರ ಬರೆದರು.

ತಿಂಗಳ ನಂತರ ಬಾಗಿಲಲ್ಲೇ ಸುಂಕ ಎಣಿಸಿ ಕೊಟ್ಟರು. ಗೊಣಗಿದ್ದೂ ಹೌದು. ರಸೀದಿಯನ್ನು ಮಡಚಿ ಮೇಜಿನ ಮೇಲಿನ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಇಟ್ಟರು. ಆಮೇಲೆ ಬೋಗಿಯನ್ನು ಹಳಿಗೆ ಏರಿಸಿದರು.